ದೋಣಿ ನೇರ ಏರಬೇಕೆಂದರೆ ಅಂಗಳದಲ್ಲೇ ನೂಲು ಹಿಡಿಯಿರಿ

ಕಟ್ಟೆಮಳಲವಾಡಿ ಎಂಬ ಊರಿನ ಹೆಸರಿನಲ್ಲೇ ಕಟ್ಟೆಯಿದೆ. ಬ್ರಹ್ಮಗಿರಿ ಬೆಟ್ಟಸಾಲಿನಿಂದ ಇರ್ಪುವಿನಲ್ಲಿ ಧುಮುಕಿ, ಕೊಡಗಿನ ಗದ್ದೆಬಯಲು ದಾಟಿ, ಹನಗೋಡು, ಹುಣಸೂರು ಹಾದು ಬರುವ ಲಕ್ಷ್ಮಣತೀರ್ಥ ಈ ಕಟ್ಟೆಗೆ ಬಂದು ತಡೆದು ನಿಲ್ಲುತ್ತದೆ. ಕಾಲುವೆಗೆ ಅದರ ಪಾಲು ಕೊಟ್ಟು, ಉಳಿದ ನೀರನ್ನು ಹೊತ್ತು ಕೃಷ್ಣರಾಜಸಾಗರದ ಹಿನ್ನೀರಿನ ಕಡೆ ಸಾಗುತ್ತದೆ. ಈ ಹೊಳೆಯ ದಂಡೆಯವರಿಗೆ ತಲೆಮಾರುಗಳಿಂದ ಗೊತ್ತಿರುವುದು ತೆಪ್ಪ. ಬಿದಿರ ದಬ್ಬೆ ಹೆಣೆದು, ಹೊರಗೆ ಹೊದಿಕೆ ಬಿಗಿದು, ಟಾರು ಬಳಿದ ದುಂಡನೆಯ ಬುಟ್ಟಿ ಅದು. ಬಲೆ ಎಳೆದು ಮುಗಿದ ಮೇಲೆ ಬೆಸ್ತ ಅದನ್ನು ಬೋರಲು ಹಾಕಿ ತಲೆಯ ಮೇಲೆ ಹೊತ್ತು ಮನೆಗೆ ನಡೆಯುತ್ತಾನೆ. ಸಾಗಿಸಲು ಗಾಡಿ ಬೇಡ, ಇಳಿಸಲು ಇಳಿಜಾರು ಬೇಡ.

ತೆಪ್ಪಕ್ಕೆ ಹಿಂದು ಮುಂದು ಇಲ್ಲ. ಯಾವ ಕಡೆಯಿಂದ ಎತ್ತಿದರೂ ಅದು ಒಂದೇ. ಎಂಜಿನ್ ಕಟ್ಟಿದ ಉದ್ದನೆಯ ದೋಣಿ ಹಾಗಲ್ಲ. ಅದಕ್ಕೆ ಚೂಪು ಮೂತಿಯಿದೆ, ತಳದಲ್ಲಿ ನಡು ಏಣು ಇದೆ, ಹಿಂಬದಿಯಲ್ಲಿ ಎಂಜಿನ್‌ನ ಭಾರವಿದೆ. ಟ್ರೇಲರ್ ಮೇಲೆ ನಾಲ್ಕು ಬೆರಳಿನಷ್ಟು ಓರೆ ಕೂತರೂ ಒಂದು ಚಕ್ರಕ್ಕೆ ಹೆಚ್ಚು ಭಾರ ಬೀಳುತ್ತದೆ, ತಳ ಒಂದೇ ಜಾಗದಲ್ಲಿ ಒತ್ತಿ ಬಿರುಕು ಬಿಡಬಹುದು, ರಸ್ತೆಯಲ್ಲಿ ಟ್ರೇಲರ್ ವಾಲಾಡುತ್ತದೆ. ದೋಣಿಯನ್ನು ನೇರವಾಗಿ ಏರಿಸುವುದು ಹೇಗೆ ಎಂಬ ಪ್ರಶ್ನೆ ನಮ್ಮ ಸೀಮೆಗೆ ಬಂದದ್ದೇ ಈ ಉದ್ದನೆಯ ದೋಣಿಗಳ ಜೊತೆಗೆ.

ಈಗ ಅವು ನಮಗೆ ಹೊಸವಲ್ಲ. 1974ರಲ್ಲಿ ಕಬಿನಿ ಅಣೆಕಟ್ಟು ಎದ್ದ ಮೇಲೆ ಹೆಗ್ಗಡದೇವನಕೋಟೆ ಸೀಮೆಯಲ್ಲಿ ಕಾಡಿನಂಚಿನವರೆಗೂ ಹಿನ್ನೀರು ಹರಡಿತು. 1980ರಲ್ಲಿ ಶುರುವಾದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಸಂಸ್ಥೆ ಕಾರಾಪುರದಲ್ಲಿ ನೆಲೆಯೂರಿದ ನಂತರ, ದೋಣಿಯಲ್ಲಿ ಕೂತು ಆನೆ ನೋಡುವುದು ದೇಶವಿದೇಶದವರಿಗೆಲ್ಲ ಗೊತ್ತಾಯಿತು. ಮೈಸೂರಿನ ಬಳಿಯ ವರುಣ ಕೆರೆಯಲ್ಲಿ ಜಲಸಾಹಸ ಕ್ರೀಡೆ ನಡೆಯುತ್ತದೆ. ಇವೆಲ್ಲಕ್ಕಿಂತ ಮುಖ್ಯವಾದದ್ದು ಮಳೆಗಾಲದ ರಕ್ಷಣಾ ದೋಣಿ. 2019ರ ಆಗಸ್ಟ್‌ನಲ್ಲಿ ಕೊಡಗು, ವಯನಾಡುಗಳ ಮಳೆಗೆ ಹೊಳೆಗಳು ಉಕ್ಕಿ, ಕಬಿನಿಯ ನೀರು ನಂಜನಗೂಡಿನ ಬಳಿ ಮೈಸೂರು–ಊಟಿ ರಸ್ತೆಯ ಮೇಲೆಯೇ ಹರಿದು ಸಂಚಾರ ನಿಂತಿದ್ದನ್ನು ಯಾರೂ ಮರೆತಿಲ್ಲ. ಅಂಥ ದಿನ ಒಂದೂರಿನಲ್ಲಿ ಕೆಲಸ ಮುಗಿಸಿದ ದೋಣಿಯನ್ನು ಮೇಲೆತ್ತಿ ಮುಂದಿನ ಊರಿಗೆ ಒಯ್ಯಬೇಕು. ಅದು ಓರೆ ಹತ್ತಿತೆಂದು ಮತ್ತೆ ನೀರಿಗೆ ತಳ್ಳುತ್ತಾ ಅರ್ಧ ಗಂಟೆ ಕಳೆದರೆ, ಆ ಅರ್ಧ ಗಂಟೆಗೆ ಮಾಳಿಗೆಯ ಮೇಲೆ ನಿಂತು ಕಾಯುತ್ತಿರುವ ಒಂದು ಮನೆಯವರು ಬೆಲೆ ತೆರುತ್ತಾರೆ.

ಹಿನ್ನೀರಿನ ದಂಡೆಯೊಂದರಲ್ಲಿ ಇಂಥದೇ ಒಂದು ಒದ್ದಾಟವನ್ನು ಕಣ್ಣಾರೆ ಕಂಡಿದ್ದೇನೆ. ನಾಲ್ವರು ಗಟ್ಟಿಮುಟ್ಟಾದ ಹುಡುಗರು ಎದೆಮಟ್ಟದ ನೀರಿನಲ್ಲಿ ನಿಂತು ದೋಣಿಯನ್ನು ತಳ್ಳುತ್ತಿದ್ದರು. ಇನ್ನೊಬ್ಬ ಟ್ರೇಲರ್‌ನ ಮುಂದೆ ನಿಂತು, ಪಟ್ಟಿ ಸುತ್ತಿ ದೋಣಿಯನ್ನು ಎಳೆಯುವ ವಿಂಚ್ ತಿರುವುತ್ತಿದ್ದ. ಮೂರು ಸಲವೂ ದೋಣಿ ಎಡಕ್ಕೇ ವಾಲಿ ಕೂತಿತು. ಹುಡುಗರ ಶಕ್ತಿಯಲ್ಲಿ ಕೊರತೆಯಿರಲಿಲ್ಲ. ಟ್ರೇಲರ್‌ನ ಎಡಗಡೆಯ ಹಲಗೆ ಬಲಗಡೆಯದಕ್ಕಿಂತ ಒಂದು ಗೇಣು ಹಿಂದಕ್ಕಿತ್ತು, ಅಷ್ಟೆ. ಅಂದಿನಿಂದ ದೋಣಿ ಸಾಗಿಸುವವರನ್ನು ಕಂಡಾಗಲೆಲ್ಲ ನಾನು ಹೇಳುತ್ತಿರುವ ಮಾತು ಒಂದೇ: ದೋಣಿಯ ನೇರ ನೀರಿಗೆ ಇಳಿಯುವ ಮೊದಲೇ, ಮನೆಯ ಅಂಗಳದಲ್ಲೇ ತೀರ್ಮಾನವಾಗಿರುತ್ತದೆ.

ಟ್ರೇಲರ್ ಮೇಲೆ ದೋಣಿಯನ್ನು ಹೊರುವುದು ಉದ್ದಕ್ಕೆ ಹಾಸಿದ ಎರಡು ಹಲಗೆಗಳು. ಕೆಲವು ಟ್ರೇಲರ್‌ಗಳಲ್ಲಿ ನಡುವೆ ರಬ್ಬರ್ ಉರುಳೆಗಳೂ ಇರುತ್ತವೆ. ದೋಣಿ ಒಳಗೆ ಬರುವಾಗ ಎರಡೂ ಹಲಗೆ ಅದರ ತಳವನ್ನು ಒಂದೇ ಹೊತ್ತಿಗೆ ಮುಟ್ಟಿದರೆ, ಎರಡು ಅಂಗೈಗಳ ನಡುವೆ ಹಿಡಿದಂತೆ ದೋಣಿ ತಾನಾಗಿ ನಡುವಿಗೆ ಬರುತ್ತದೆ. ಒಂದು ಹಲಗೆ ಮೊದಲು ಮುಟ್ಟಿದರೆ ಆ ಜಾಗವೇ ತಿರುಗಣಿಯಾಗಿ, ಮೂತಿ ಒಂದು ಕಡೆಗೂ ಹಿಂಬದಿ ಇನ್ನೊಂದು ಕಡೆಗೂ ಸರಿಯುತ್ತದೆ. ತೇಲುತ್ತಿರುವ ದೋಣಿಯನ್ನು ಒಂದು ಬೆರಳಿನಿಂದ ತಿರುಗಿಸಬಹುದು. ಹಾಗಾಗಿ ಟ್ರೇಲರ್‌ನ ಸಣ್ಣ ತಪ್ಪೂ ನೀರಿನಲ್ಲಿ ದೊಡ್ಡದಾಗಿ ಕಾಣುತ್ತದೆ.

ಇದನ್ನು ಸರಿಪಡಿಸಲು ದುಬಾರಿ ಸಲಕರಣೆ ಬೇಕಿಲ್ಲ. ಗಾರೆ ಕೆಲಸದವರ ನೂಲು, ಅಳತೆ ಟೇಪು, ರಸಮಟ್ಟ, ಒಂದು ಸ್ಪ್ಯಾನರ್ ಸಾಕು. ಮೊದಲು ಟ್ರೇಲರನ್ನು ಸಮನೆಲದ ಮೇಲೆ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ. ಎರಡೂ ಟೈರಿನ ಗಾಳಿ ಒಂದೇ ಸಮ ಇದೆಯೇ ನೋಡಿ. ಒಂದು ಟೈರು ಕುಗ್ಗಿದ್ದರೆ ಮುಂದಿನ ಅಳತೆಗಳೆಲ್ಲ ಸುಳ್ಳಾಗುತ್ತವೆ. ಎಳೆಯುವ ಜೀಪಿಗೋ ಟ್ರ್ಯಾಕ್ಟರಿಗೋ ಕೊಂಡಿ ಹಾಕಿದಾಗ ಎಷ್ಟು ಎತ್ತರದಲ್ಲಿ ನಿಲ್ಲುತ್ತದೋ, ಅಷ್ಟೇ ಎತ್ತರಕ್ಕೆ ಟ್ರೇಲರ್‌ನ ಮೂಕಿಯನ್ನು ಎತ್ತಿ ನಿಲ್ಲಿಸಿ. ಮೂಕಿ ತಗ್ಗಿದ್ದರೆ ದೋಣಿ ಮುಂದಕ್ಕೆ ಜಾರುತ್ತದೆ, ಎತ್ತರವಿದ್ದರೆ ಹಿಂದಕ್ಕೆ.

ಈಗ ನೂಲು ಹಿಡಿಯುವ ಕೆಲಸ. ಮೂಕಿಯ ತುದಿಯಲ್ಲಿ ಕೊಂಡಿ ಕೂರುವ ಜಾಗದ ನಟ್ಟನಡುವೆ ನೂಲಿನ ಒಂದು ತುದಿ ಹಿಡಿದು, ಬಲ ಹಲಗೆಯ ಹಿಂದಿನ ಕೊನೆಗೆ ಎಳೆದು ಅಳೆಯಿರಿ. ಆಮೇಲೆ ಎಡ ಹಲಗೆಯ ಕೊನೆಗೆ. ಎರಡು ಅಳತೆಯೂ ಒಂದೇ ಇರಬೇಕು. ಮನೆಯ ಪಾಯ ಗುರುತು ಹಾಕುವಾಗ ಮೂಲೆಯಿಂದ ಮೂಲೆಗೆ ನೂಲು ಹಿಡಿದು ನೋಡುವುದಿಲ್ಲವೇ, ಅದೇ ಲೆಕ್ಕ. ಮುಂದಿನ ಕೊನೆಗಳನ್ನೂ ಹೀಗೆಯೇ ಅಳೆಯಿರಿ. ನಂತರ ರಸಮಟ್ಟವನ್ನು ಎರಡು ಹಲಗೆಗಳ ಮೇಲೆ ಅಡ್ಡ ಇಟ್ಟು ಎತ್ತರ ಸಮವಾಗಿದೆಯೇ ನೋಡಿ. ವ್ಯತ್ಯಾಸ ಕಂಡರೆ ಬೋಲ್ಟು ಸಡಿಲಿಸಿ, ಸರಿಪಡಿಸಿ, ಮತ್ತೆ ಅಳೆದು ಬಿಗಿಯಿರಿ.

ಹಲಗೆಯ ಉದ್ದದ ವಿಚಾರದಲ್ಲಿ ಒಂದು ಎಚ್ಚರ ಬೇಕು. ದೋಣಿಯ ಹಿಂಬದಿಯ ಅಡ್ಡಗೋಡೆಗೇ ಎಂಜಿನ್ ತೂಗುಬಿದ್ದಿರುತ್ತದೆ. ಹಲಗೆ ಆ ಗೋಡೆಯ ಅಡಿಯವರೆಗೂ ಚಾಚಿರಬೇಕು. ಒಂದಡಿ ಮೊದಲೇ ನಿಂತರೆ, ಗುಂಡಿ ಬಿದ್ದ ರಸ್ತೆಯ ಪ್ರತಿ ಕುಲುಕಿಗೂ ಎಂಜಿನ್‌ನ ಭಾರ ದೋಣಿಯ ತಳವನ್ನು ಬಾಗಿಸುತ್ತದೆ. ಫೈಬರ್ ದೋಣಿಗಳ ತಳ ಸೊಟ್ಟಗಾಗುವುದು ಹಲವು ಸಲ ನೀರಿನಲ್ಲಲ್ಲ, ಈ ಪ್ರಯಾಣದಲ್ಲಿ. ಹಲಗೆಗೆ ಒರಟು ಕಾರ್ಪೆಟ್ ಸುತ್ತಿದರೆ ತಳ ಗೀಚುವುದಿಲ್ಲ. ಮೊಳೆ, ಬೋಲ್ಟುಗಳ ತಲೆ ಮರದೊಳಗೆ ಹುದುಗಿರಬೇಕು.

ಇನ್ನು ಮೂತಿಯ ಕಡೆಗೆ ಬರೋಣ. ಟ್ರೇಲರ್‌ನ ಮುಂದಿನ ಕಂಬದಲ್ಲಿ ದೋಣಿಯ ಮೂತಿ ಬಂದು ಒರಗುವ ರಬ್ಬರ್ ತಡೆ, ಅದರ ಹಿಂದೆ ವಿಂಚ್ ಇರುತ್ತವೆ. ಈ ತಡೆ ಟ್ರೇಲರ್‌ನ ನಡುಗೆರೆಯ ಮೇಲೆಯೇ ಇದೆಯೇ ಎಂದು ನೂಲು ಹಿಡಿದು ನೋಡಿ. ದೋಣಿಯ ಮೂತಿಯಲ್ಲಿರುವ ಕೊಂಡಿ, ಪೂರ್ತಿ ಏರಿದ ಮೇಲೆ ಈ ತಡೆಯ ಸ್ವಲ್ಪ ಕೆಳಗೆ ಬಂದು ನಿಲ್ಲಬೇಕು. ವಿಂಚ್‌ನ ಪಟ್ಟಿ ಆಗ ನೇರವಾಗಿಯೋ ಸ್ವಲ್ಪ ಮೇಲ್ಮುಖವಾಗಿಯೋ ಎಳೆಯುತ್ತದೆ. ವಿಂಚ್ ತೀರ ಕೆಳಗಿದ್ದರೆ ಅದು ಮೂತಿಯನ್ನು ಹಲಗೆಗೆ ಅದುಮುತ್ತಾ ಎಳೆಯುತ್ತದೆ. ಎಷ್ಟು ತಿರುವಿದರೂ ದೋಣಿ ಬರುವುದಿಲ್ಲ, ಬಂದರೂ ಓರೆಯಾಗಿ ಬರುತ್ತದೆ. ಕಂಬದ ಮೇಲೆ ನಟ್ಟನಡುವೆ ಒಂದು ಬಿಳಿ ಪಟ್ಟಿ ಅಂಟಿಸಿಬಿಡಿ. ದೋಣಿಯಲ್ಲಿ ಕೂತವನಿಗೆ ಗುರಿಯೊಂದು ಸಿಗುತ್ತದೆ.

ದೋಣಿಯ ಹಿಂಬದಿಯನ್ನು ಹಿಡಿದಿಡಲು ಎರಡು ಕಂಬಗಳು ಬೇಕು. ಟ್ರೇಲರ್‌ನ ಹಿಂದಿನ ಎರಡು ಮೂಲೆಗಳಲ್ಲಿ ಕಬ್ಬಿಣದ ಗೂಟ ಬಿಗಿದು, ಅದರ ಮೇಲೆ ಪಿವಿಸಿ ಪೈಪು ತೊಡಿಸಿದರಾಯಿತು. ಟ್ರೇಲರ್ ನೀರಿನೊಳಗೆ ಮುಳುಗಿದಾಗ ಅದರ ಹಿಂಬದಿ ಎಲ್ಲಿದೆ ಎಂದು ಓಡಿಸುವವನಿಗೂ ಗೊತ್ತಾಗುವುದಿಲ್ಲ, ದೋಣಿಯವನಿಗೂ ಗೊತ್ತಾಗುವುದಿಲ್ಲ. ಈ ಎರಡು ಕಂಬ ನೀರಿನ ಮೇಲೆ ಎದ್ದು ನಿಂತು ಬಾಗಿಲಿನ ಎರಡು ತೋಳುಗಳಂತೆ ದಾರಿ ತೋರುತ್ತವೆ. ದೋಣಿಯ ಅಗಲಕ್ಕಿಂತ ಪ್ರತಿ ಬದಿಗೆ ಒಂದೆರಡು ಅಂಗುಲ ಮಾತ್ರ ಹೆಚ್ಚು ಬಿಡಿ. ತಳ ಚೂಪಾಗಿರುವ ದೋಣಿ ಹಲಗೆಗಳ ನಡುವೆ ತಾನಾಗಿ ಕೂರುತ್ತದೆ. ಚಪ್ಪಟೆ ತಳದ ದೋಣಿಗೆ ಆ ಗುಣವಿಲ್ಲ, ಅದು ಪಕ್ಕಕ್ಕೆ ಜಾರುತ್ತಲೇ ಇರುತ್ತದೆ. ಅಂಥ ದೋಣಿಗೆ ಈ ಕಂಬಗಳು ಇರಲೇಬೇಕು. ಪಕ್ಕಕ್ಕೆ ಉದ್ದನೆಯ ಹಲಗೆಯನ್ನೂ ಕಟ್ಟಿದರೆ ಇನ್ನೂ ಒಳ್ಳೆಯದು.

ನಮ್ಮ ರೈತರಿಗೆ ಹೇಳಿಕೊಡಬೇಕಿಲ್ಲದ ಸಂಗತಿಯೊಂದು ಇದರಲ್ಲಿದೆ. ಅದು ಮುಂಬಾರ. ಎತ್ತಿನಗಾಡಿಗೆ ಹೇರುವಾಗ ಭಾರ ಮುಂದಕ್ಕೆ ಹೆಚ್ಚಾದರೆ ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ, ಹಿಂದಕ್ಕೆ ಹೆಚ್ಚಾದರೆ ಮೂಕಿ ಮೇಲೆದ್ದು ಕೊರಳಿನ ಹಗ್ಗ ಬಿಗಿಯುತ್ತದೆ. ಒಳ್ಳೆಯ ಗಾಡಿಯವನು ಸ್ವಲ್ಪವೇ ಮುಂಬಾರ ಇಟ್ಟು ಹೇರುತ್ತಾನೆ. ದೋಣಿಯ ಟ್ರೇಲರಿಗೂ ನಿಯಮ ಅದೇ. ಒಟ್ಟು ತೂಕದಲ್ಲಿ ನೂರಕ್ಕೆ ಐದರಿಂದ ಹತ್ತು ಭಾಗ ಕೊಂಡಿಯ ಮೇಲೆ ಬೀಳಬೇಕು. ದೋಣಿ, ಎಂಜಿನ್, ಪೆಟ್ರೋಲ್, ಟ್ರೇಲರ್ ಎಲ್ಲ ಸೇರಿ 800 ಕಿಲೋ ಇದ್ದರೆ, ಕೊಂಡಿಯ ಮೇಲೆ 40ರಿಂದ 80 ಕಿಲೋ. ಅದಕ್ಕಿಂತ ಕಡಿಮೆಯಾಗಿ ಹಿಂಬಾರವಾದರೆ ವೇಗ ಏರುತ್ತಿದ್ದಂತೆ ಟ್ರೇಲರ್ ಹಾವಿನಂತೆ ಆಡಲು ಶುರುಮಾಡಿ, ಎಳೆಯುವ ಗಾಡಿಯನ್ನೇ ರಸ್ತೆಯಾಚೆಗೆ ಎಳೆಯಬಲ್ಲದು. ತೂಕ ನೋಡುವುದಕ್ಕೆ ಹೊಗೆಸೊಪ್ಪಿನ ಬೇಲು ತೂಗುವ ಯಂತ್ರ ನಮ್ಮ ಸೀಮೆಯಲ್ಲಿ ಸುಲಭವಾಗಿ ಸಿಗುತ್ತದೆ. ಮೂಕಿಯ ತುದಿಯನ್ನು ಅದರ ಮೇಲೆ ಇಟ್ಟು ನೋಡಿದರಾಯಿತು. ಮುಂಬಾರ ಸಾಲದಿದ್ದರೆ ವಿಂಚ್ ಕಂಬವನ್ನು ಸ್ವಲ್ಪ ಮುಂದಕ್ಕೆ ಸರಿಸಿ, ದೋಣಿ ಅಷ್ಟು ಮುಂದೆ ಬಂದು ಕೂರುತ್ತದೆ. ಹೆಚ್ಚಾಗಿದ್ದರೆ ಹಿಂದಕ್ಕೆ ಸರಿಸಿ. ಸರಿಸಿದ ಮೇಲೆ ಹಲಗೆ ಹಿಂಬದಿಯ ಗೋಡೆಯವರೆಗೆ ಮುಟ್ಟುತ್ತಿದೆಯೇ ಎಂದು ಇನ್ನೊಮ್ಮೆ ನೋಡುವುದನ್ನು ಮರೆಯಬೇಡಿ.

ಅಂಗಳದ ಕೆಲಸ ಇಷ್ಟು. ದಂಡೆಗೆ ಹೋದಾಗ ಎದುರಾಗುವುದು ಇಳಿಜಾರಿನ ಪ್ರಶ್ನೆ. ದೋಣಿ ಇಳಿಸುವ ಇಳಿಜಾರು ನೂರಡಿಗೆ ಹನ್ನೆರಡರಿಂದ ಹದಿನೈದು ಅಡಿ ಇಳಿಯುವಂತಿರಬೇಕು ಎಂಬುದು ಎಂಜಿನಿಯರುಗಳು ಒಪ್ಪಿದ ಅಳತೆ. ಟ್ರೇಲರಿನ ಹಿಂಬದಿಗೆ ಎರಡಡಿ ನೀರು ಸಿಗಬೇಕೆಂದರೆ, ಅಂಥ ಇಳಿಜಾರಿನಲ್ಲಿ ನೀರಿನಂಚಿನಿಂದ ಹದಿಮೂರರಿಂದ ಹದಿನೇಳು ಅಡಿ ಹಿಂದಕ್ಕೆ ಹೋದರೆ ಸಾಕು. ನೂರಡಿಗೆ ಐದೇ ಅಡಿ ಇಳಿಯುವ ಚಪ್ಪಟೆ ದಂಡೆಯಲ್ಲಿ ನಲವತ್ತು ಅಡಿ ಹೋಗಬೇಕು. ಆ ಹೊತ್ತಿಗೆ ಎಳೆಯುವ ಗಾಡಿಯ ಚಕ್ರವೇ ನೀರಿನಲ್ಲಿ, ಕೆಸರಿನಲ್ಲಿ ಇರುತ್ತದೆ. ಕಬಿನಿಯ ದಂಡೆಯ ಕಷ್ಟ ಇದೇ. ಗರಿಷ್ಠ ಮಟ್ಟವಾದ 2284 ಅಡಿಗೆ ಜಲಾಶಯ ತುಂಬಿದಾಗ ನೀರು ಕಾಡಿನಂಚನ್ನು ಮುಟ್ಟುತ್ತದೆ. ಬೇಸಿಗೆಯಲ್ಲಿ ಅದೇ ನೀರು ದೂರ ಸರಿದು, ಆನೆ ಹಿಂಡು ಮೇಯುವ ಹುಲ್ಲುಬಯಲು ಏಳುತ್ತದೆ. ಮಳೆಗಾಲದಲ್ಲಿ ಸರಿಹೋದ ಜಾಗ ಮಾರ್ಚ್‌ನಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಹಾಗಾಗಿ ಗಾಡಿ ಇಳಿಸುವ ಮೊದಲು ಒಬ್ಬರು ನೀರಿಗಿಳಿದು, ಗಳ ಊರಿ ಆಳ ನೋಡಬೇಕು. ಒಂದು ಚಕ್ರ ಹೂತರೆ ಟ್ರೇಲರ್ ಪಕ್ಕಕ್ಕೆ ವಾಲುತ್ತದೆ, ವಾಲಿದ ಟ್ರೇಲರ್ ಮೇಲೆ ದೋಣಿ ತಗ್ಗಿನ ಕಡೆಗೇ ಜಾರುತ್ತದೆ. ಅಂಥಲ್ಲಿ ಚಕ್ರ ಹೋಗುವ ಎರಡು ಸಾಲಿಗೂ ಹಲಗೆಯನ್ನೋ ಚಪ್ಪಡಿಯನ್ನೋ ಹಾಸಿಕೊಳ್ಳಿ.

ಹಿಂದಕ್ಕೆ ಹೊಡೆಯುವಾಗ ಸ್ಟೀರಿಂಗಿನ ಕೆಳಗಿನ ಭಾಗದಲ್ಲಿ ಕೈ ಇಡಿ. ಟ್ರೇಲರಿನ ಹಿಂಬದಿ ಎತ್ತ ಹೋಗಬೇಕೋ ಆ ಕೈಯನ್ನು ಅತ್ತ ಸರಿಸಿದರಾಯಿತು. ಗಿಡ್ಡ ಟ್ರೇಲರ್ ಬೇಗ ತಿರುಗುತ್ತದೆ, ಉದ್ದನೆಯದು ನಿಧಾನ. ಓರೆಯಾದರೆ ಅಲ್ಲೇ ತಿದ್ದುತ್ತಾ ಕೂರದೆ, ಮುಂದಕ್ಕೆ ಎಳೆದು ನೇರ ಮಾಡಿಕೊಂಡು ಮತ್ತೆ ಇಳಿಸಿ.

ಎಷ್ಟು ಆಳಕ್ಕೆ ಇಳಿಸಬೇಕು? ಹೆಚ್ಚಿನವರು ತಪ್ಪುವುದು ಇಲ್ಲಿ. ಆಳ ಹೆಚ್ಚಿದ್ದರೆ ತಳ್ಳುವುದು ಸುಲಭ ಎಂದುಕೊಂಡು ಟ್ರೇಲರನ್ನು ಪೂರ್ತಿ ಮುಳುಗಿಸುತ್ತಾರೆ. ಆಗ ದೋಣಿ ಹಲಗೆಯನ್ನು ಮುಟ್ಟುವುದೇ ಇಲ್ಲ, ಅದರ ಮೇಲೆ ತೇಲುತ್ತಿರುತ್ತದೆ. ಮೂತಿಯನ್ನು ವಿಂಚ್ ಹಿಡಿದಿರುತ್ತದೆ, ಹಿಂಬದಿಯನ್ನು ಗಾಳಿ ಅತ್ತಿತ್ತ ಆಡಿಸುತ್ತಿರುತ್ತದೆ. ಗಾಡಿ ಮುಂದೆ ಎಳೆದಾಗ ಆ ಗಳಿಗೆಯಲ್ಲಿ ದೋಣಿ ಎಲ್ಲಿದೆಯೋ ಅಲ್ಲೇ ಕೂತುಬಿಡುತ್ತದೆ. ಮೊದಲು ಟ್ರೇಲರನ್ನು ಆಳಕ್ಕೆ ಇಳಿಸಿ ಹಲಗೆಗಳನ್ನೆಲ್ಲ ನೆನೆಸಿ. ಒದ್ದೆ ಕಾರ್ಪೆಟ್ ಮೇಲೆ ದೋಣಿ ಸಲೀಸಾಗಿ ಸರಿಯುತ್ತದೆ. ಆಮೇಲೆ ಮುಂದಕ್ಕೆ ಎಳೆದು, ಚಕ್ರದ ಮಡ್‌ಗಾರ್ಡ್‌ನ ನೆತ್ತಿ ನೀರಿನ ಮಟ್ಟಕ್ಕೆ ಬಂದಾಗ ನಿಲ್ಲಿಸಿ. ಹಲಗೆಯ ಮೂರರಲ್ಲಿ ಎರಡು ಪಾಲು ಮುಳುಗಿ ಒಂದು ಪಾಲು ಮೇಲಿದ್ದರೆ ಸಾಮಾನ್ಯವಾಗಿ ಸರಿ. ಕೊನೆಯ ಮೂರ್ನಾಲ್ಕು ಅಡಿಯನ್ನು ವಿಂಚ್‌ನಿಂದ ಎಳೆಯಬೇಕಾಗಿ ಬಂದರೆ ಆಳ ಸರಿಯಾಗಿದೆ ಎಂದೇ ತಿಳಿಯಿರಿ. ನಿಮ್ಮ ದೋಣಿಗೆ ಸರಿಹೊಂದಿದ ಆಳ ಒಮ್ಮೆ ಸಿಕ್ಕಿತೆಂದರೆ ಹಿಂದಿನ ಪೈಪು ಕಂಬದ ಮೇಲೆ ನೀರು ನಿಂತ ಮಟ್ಟಕ್ಕೆ ಬಣ್ಣದ ಗೆರೆ ಎಳೆಯಿರಿ. ಮುಂದಿನ ಸಲ ಊಹಿಸಬೇಕಾದ್ದಿಲ್ಲ.

ದೋಣಿ ತರುವವನು ಗಾಳಿಯನ್ನು ನೋಡಬೇಕು. ಮುಂಗಾರಿನಲ್ಲಿ ನಮ್ಮ ಕಡೆ ಗಾಳಿ ನೈಋತ್ಯದಿಂದ, ಪಡುವಣದಿಂದ ಬೀಸುತ್ತದೆ. ಗಾಳಿ ಬರುವ ಕಡೆಗೆ ಸ್ವಲ್ಪ ಮೇಲಾಗಿ ಗುರಿಯಿಟ್ಟು ನಿಧಾನವಾಗಿ ಬಂದರೆ, ಟ್ರೇಲರ್ ಮುಟ್ಟುವ ಹೊತ್ತಿಗೆ ಗಾಳಿಯೇ ದೋಣಿಯನ್ನು ನಡುವಿಗೆ ತಂದಿರುತ್ತದೆ. ಹರಿಯುವ ಹೊಳೆಯಲ್ಲಿ ನೀರಿನ ಸೆಳೆತಕ್ಕೂ ಇದೇ ಲೆಕ್ಕ. ಕಟ್ಟೆಯ ವಿಷಯದಲ್ಲಿ ಮಾತ್ರ ಯಾವ ಲೆಕ್ಕವೂ ಬೇಡ. ನೀರು ಹಾರಿ ಬೀಳುತ್ತಿರುವ ಕಟ್ಟೆಯ ಮೇಲ್ಗಡೆ ಹತ್ತಿರದಲ್ಲಿ ದೋಣಿ ಇಳಿಸಲೂ ಬಾರದು, ಏರಿಸಲೂ ಬಾರದು. ಕಟ್ಟೆಯ ಬುಡದಲ್ಲಿ ನೀರು ಹಿಂದಕ್ಕೆ ಸುತ್ತಿ ತಿರುಗುತ್ತಿರುತ್ತದೆ. ಅಲ್ಲಿ ಸಿಕ್ಕಿಕೊಂಡ ದೋಣಿಯನ್ನೂ ಮನುಷ್ಯನನ್ನೂ ಅದು ಬಿಡುವುದಿಲ್ಲ.

ದೋಣಿ ಮೇಲೇರಿ ಬಂದ ಮೇಲೆ ಹಿಂದೆ ನಿಂತು ನೋಡಿ. ಎರಡೂ ಬದಿಯ ಕಂಬಕ್ಕೂ ದೋಣಿಗೂ ನಡುವಿನ ಸಂದು ಒಂದೇ ಇರಬೇಕು. ಇಲ್ಲವಾದರೆ ನೀರಿಗೆ ವಾಪಸ್ ಇಳಿಸಿ ಮತ್ತೆ ಏರಿಸಿ. ಓರೆಯಾಗಿರುವುದನ್ನು ರಸ್ತೆಗೆ ಒಯ್ಯಬೇಡಿ. ಮೂತಿಗೆ ವಿಂಚ್‌ನ ಪಟ್ಟಿಯಲ್ಲದೆ ಪ್ರತ್ಯೇಕ ಸರಪಳಿ, ಹಿಂಬದಿಗೆ ಎರಡು ಬದಿಯಲ್ಲೂ ಬಿಗಿಪಟ್ಟಿ ಹಾಕಿ. ಎಂಜಿನ್ ಮೇಲೆತ್ತಿ ಬಿಗಿಯಿರಿ. ತಳದ ಬಿರಡೆ ತೆಗೆದು ಒಳಗಿನ ನೀರು ಬಿಡಿ, ಮುಂದಿನ ಸಲ ಇಳಿಸುವ ಮೊದಲು ಅದೇ ಬಿರಡೆ ಹಾಕಲು ಮರೆಯಬೇಡಿ. ದೂರದಿಂದ ಬಂದ ಟ್ರೇಲರನ್ನು ತಕ್ಷಣ ನೀರಿಗೆ ಇಳಿಸುವುದೂ ತಪ್ಪು. ಓಡಿ ಬಿಸಿಯಾದ ಚಕ್ರದ ಗುಂಭಕ್ಕೆ ತಣ್ಣೀರು ತಗುಲಿದಾಗ ಒಳಗಿನ ಗಾಳಿ ಕುಗ್ಗಿ, ನೀರನ್ನು ಒಳಕ್ಕೆ ಹೀರುತ್ತದೆ. ಬೇರಿಂಗ್ ತುಕ್ಕು ಹಿಡಿದು ನಡುರಸ್ತೆಯಲ್ಲಿ ಚಕ್ರ ಕಚ್ಚಿಕೊಳ್ಳುವುದು ಹೀಗೆ. ಕಾಲು ಗಂಟೆ ಆರಲು ಬಿಡಿ, ದೀಪದ ವೈರು ಬಿಚ್ಚಿಡಿ, ಗ್ರೀಸ್ ಆಗಾಗ ತುಂಬಿ.

ಇವೆಲ್ಲ ಒಬ್ಬೊಬ್ಬರು ತಮ್ಮ ಟ್ರೇಲರಿಗೆ ಮಾಡಿಕೊಳ್ಳಬಹುದಾದ ಕೆಲಸ. ಊರು ಮಾಡಬೇಕಾದ ಕೆಲಸವೂ ಒಂದಿದೆ. ನಮ್ಮ ಹೊಳೆಗಳಿಗೆ ಸ್ನಾನಕ್ಕೆ, ಪೂಜೆಗೆ, ಬಟ್ಟೆ ಒಗೆಯಲು ಮೆಟ್ಟಿಲುಗಳಿವೆ. ಮೆಟ್ಟಿಲಿನ ಮೇಲೆ ಟ್ರೇಲರ್ ಇಳಿಯುವುದಿಲ್ಲ. ಹುಣಸೂರು, ಕೃಷ್ಣರಾಜನಗರ, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಯ ಹೊಳೆದಂಡೆಯ ಊರುಗಳಲ್ಲಿ, ಕಟ್ಟೆಗಳಿಂದ ದೂರದ ಜಾಗ ನೋಡಿ, ಹನ್ನೆರಡು ಅಡಿ ಅಗಲದ ಒಂದೊಂದು ಕಾಂಕ್ರೀಟ್ ಇಳಿಜಾರು ಕಟ್ಟಿದರೆ, ಜಾರದಂತೆ ಅದರ ಮೇಲೆ ಅಡ್ಡ ಗೀರುಗಳನ್ನು ಹಾಕಿದರೆ, ನೆರೆಯ ದಿನ ರಕ್ಷಣಾ ದೋಣಿ ಕೆಸರಿನಲ್ಲಿ ಹೂತು ನಿಲ್ಲುವುದು ತಪ್ಪುತ್ತದೆ. ಗ್ರಾಮ ಪಂಚಾಯಿತಿ, ನೀರಾವರಿ ಇಲಾಖೆ, ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆ ಒಟ್ಟಿಗೆ ಕೂತು ಜಾಗ ಗುರುತಿಸಲು ಬೇಸಿಗೆಯೇ ಸರಿಯಾದ ಕಾಲ, ನೀರು ಇಳಿದು ದಂಡೆಯ ನಿಜವಾದ ರೂಪ ಆಗ ಕಣ್ಣಿಗೆ ಕಾಣುತ್ತದೆ.

ಮೇ ತಿಂಗಳಲ್ಲಿ ಮೊದಲ ಮಳೆ ಬಿದ್ದಾಗ ರೈತ ನೇಗಿಲು, ಕುಂಟೆಗಳನ್ನು ಹೊರತೆಗೆದು ನೋಡುತ್ತಾನೆ. ದೋಣಿ ಇರುವವರೂ ಅದೇ ವಾರ ಒಂದು ಬೆಳಗ್ಗೆ ಟ್ರೇಲರನ್ನು ಅಂಗಳಕ್ಕೆ ಎಳೆದು ನೂಲು ಹಿಡಿಯಲಿ. ಎರಡು ಗಂಟೆಯ ಕೆಲಸ ಅದು. ಹೊಳೆ ತುಂಬಿದ ಮೇಲೆ ಆ ಎರಡು ಗಂಟೆ ಯಾರಿಗೂ ಸಿಗುವುದಿಲ್ಲ.